ಹದಿಮೂರು ಚೀಟಿಗಳು

2025ರ ಅಕ್ಟೋಬರ್ 9, ಗುರುವಾರ, ಸಂಜೆ 6.20. ಹದಿಮೂರು ಚೀಟಿಗಳಲ್ಲಿ ಏಳರ ಮೇಲೆ ‘ಯೆಸ್’ ಎಂದಿತ್ತು, ಆರರ ಮೇಲೆ ‘ನೋ’. ಬೇಕಾಗಿದ್ದದ್ದು ಒಂಬತ್ತು.

ಕೋಚ್ ಶಿವರಾಮ ಎರಡನೆಯ ಸಲ ಎಣಿಸಿದರು, ಮೂರನೆಯ ಸಲವೂ ಎಣಿಸಿದರು. ಸೆರಿಟೋಸ್‌ನ ಪಾರ್ಕಿನಲ್ಲಿ ಆ ಹೊತ್ತಿಗೆ ಗಾಳಿ ಏಳುತ್ತದೆ. ಚೀಟಿಗಳು ಹಾರದಂತೆ ಅವರು ತಮ್ಮ ಸೀಟಿಯನ್ನು ಅವುಗಳ ಮೇಲಿಟ್ಟಿದ್ದರು.

“ಏಳೇ ಸಾರ್,” ಎಂದರು.

“ಸರಿ,” ಎಂದ ಸೋಮನಾಥ.

ಪಿಕ್ನಿಕ್ ಮೇಜಿನ ಸುತ್ತ ನಿಂತಿದ್ದ ತಂದೆ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾರೋ ಕಾರಿನ ಕೀ ಹುಡುಕತೊಡಗಿದರು. ಗೋಲ್‌ಕೀಪರ್ ರಚನಾಳ ತಾಯಿ ಉಷಾ ಹತ್ತಿರ ಬಂದು, “ಛೆ, ಹೀಗಾಗಬಾರದಿತ್ತು ಸೋಮನಾಥ್. ಯಾರು ಹಾಕಿದ್ರೋ ಏನೋ,” ಎಂದರು. ಅವರು ಅಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ದ ಪೆನ್ನು ಸೋಮನಾಥನದೇ. ಅದನ್ನು ವಾಪಸು ಕೊಟ್ಟು ಹೋದರು.

ಮತ ನಡೆದದ್ದು ಸೋಮನಾಥನ ಮಗಳು ಶ್ರೇಯಾಳ ಬಗ್ಗೆ. ಅವಳಿಗೆ ಹದಿನೈದು ವರ್ಷ. ಕೊಯೋಟಿ ಕ್ರೀಕ್ ಎಂಬ ಈ ಪುಟ್ಟ ಫುಟ್‌ಬಾಲ್ ಕ್ಲಬ್ಬಿನ ಹುಡುಗಿಯರ ತಂಡ ಕಳೆದ ಸೀಸನ್ನಿನಲ್ಲಿ ಹೊಡೆದ ನಲವತ್ತೊಂದು ಗೋಲುಗಳಲ್ಲಿ ಇಪ್ಪತ್ತಮೂರು ಅವಳವು. ಸ್ಯಾನ್ ಡಿಯೆಗೋದ ದೊಡ್ಡ ಕ್ಲಬ್ಬೊಂದು ಸೆಪ್ಟೆಂಬರಿನಲ್ಲಿ ಅವಳನ್ನು ಎರಡು ಶನಿವಾರ ಆಡಿಸಿ ನೋಡಿ, ಬಾ ಎಂದಿತ್ತು. ತಾಯಿ ಸೌಜನ್ಯಾ ಕೆಲಸ ಮಾಡುವುದು ಅಲ್ಲೇ, ಟೊರ್ರಿ ಪೈನ್ಸ್‌ನ ಸಂಶೋಧನಾ ಸಂಸ್ಥೆಯೊಂದರಲ್ಲಿ. ಸೋಮವಾರ ಬೆಳಗ್ಗೆ ತೊಂಬತ್ತು ಮೈಲಿ ಡ್ರೈವ್ ಮಾಡಿ ಹೋಗಿ, ವಾರವಿಡೀ ಬಾಡಿಗೆ ಕೋಣೆಯಲ್ಲಿದ್ದು, ಶುಕ್ರವಾರ ರಾತ್ರಿ ಮರಳುತ್ತಾಳೆ. ಶ್ರೇಯಾ ಇನ್ನು ಅಮ್ಮನ ಜೊತೆ ಇದ್ದುಕೊಂಡು ಆಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಉಳಿದಿದ್ದದ್ದು ಒಂದೇ. ಸೀಸನ್ನಿನ ನಡುವೆ ಆಟಗಾರ್ತಿ ಕ್ಲಬ್ ಬದಲಿಸಬೇಕಾದರೆ ಹಳೆಯ ಕ್ಲಬ್ಬಿನ ರಿಜಿಸ್ಟ್ರಾರ್ ಲೀಗಿನ ವೆಬ್‌ಸೈಟಿಗೆ ಹೋಗಿ ‘ರಿಲೀಸ್’ ಎಂಬ ಬಟನ್ ಒತ್ತಬೇಕು. ಗಡುವು ಶುಕ್ರವಾರ ಸಂಜೆ ಐದು ಗಂಟೆ. ಅದು ತಪ್ಪಿದರೆ ಮತ್ತೆ ಜುಲೈ.

ಕೊಯೋಟಿ ಕ್ರೀಕ್‌ನ ರಿಜಿಸ್ಟ್ರಾರ್ ಸೋಮನಾಥ. ಬಟನ್ ಒತ್ತುವ ಮುಂಚೆ ಉಳಿದ ಹದಿಮೂರು ಕುಟುಂಬಗಳಲ್ಲಿ ಒಂಬತ್ತು ಒಪ್ಪಬೇಕೆಂಬ ನಿಯಮ ಲೀಗಿನದಲ್ಲ, ಕ್ಲಬ್ಬಿನದು. ಅದನ್ನು ಬರೆದವನೂ ಅವನೇ.

ಅದಕ್ಕೊಂದು ಕಾರಣವಿತ್ತು. 2023ರ ಸೆಪ್ಟೆಂಬರಿನಲ್ಲಿ ಆಗಿನ ಸ್ಟ್ರೈಕರ್ ಹುಡುಗಿ ಸೀಸನ್ನಿನ ಮಧ್ಯದಲ್ಲೇ ಬೇರೆ ಕ್ಲಬ್ಬಿಗೆ ಹೊರಟುಹೋದಳು. ಒಂದು ಇಮೇಲ್ ಬಂತು, ಎರಡು ದಿನ ಕಳೆದು ಒಗೆದ ಜರ್ಸಿ ಬಂತು. ಶಿವರಾಮ ಆ ಜಾಗಕ್ಕೆ ಡಿಫೆಂಡರ್ ಒಬ್ಬಳನ್ನು ಹಾಕಿ ನೋಡಿದರು. ಎಡಗಡೆಯವಳನ್ನು ಬಲಕ್ಕೆ ತಂದರು. ಮುಂದೆ ಇಬ್ಬರ ಬದಲು ಒಬ್ಬಳನ್ನೇ ನಿಲ್ಲಿಸಿದರು. ತಂಡ ಸಾಲಾಗಿ ಏಳು ಪಂದ್ಯ ಸೋತು ಕೆಳಗಿನ ಡಿವಿಷನ್ನಿಗೆ ಇಳಿಯಿತು. ಅಲ್ಲಿಯ ಪಂದ್ಯಗಳಿಗೆ, ಆಟ ನೋಡಿ ಸ್ಕಾಲರ್‌ಶಿಪ್ಪಿಗೆ ಆರಿಸುವ ಕಾಲೇಜು ಕೋಚ್‌ಗಳು ಬರುವುದಿಲ್ಲ. ಅವರು ಬಾರದಿದ್ದರೆ ಹೋದವಳಿಗಲ್ಲ, ಉಳಿದವರಿಗೆ ನಷ್ಟ. ಮೇಲೆ ಬರಲು ತಂಡಕ್ಕೆ ಒಂದೂವರೆ ವರ್ಷ ಬೇಕಾಯಿತು.

ಶಿವರಾಮ ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಆಡಿ ಬೆಳೆದವರು, ಹೊಟ್ಟೆಪಾಡಿಗೆ ಟೆಲಿಕಾಂ ಎಂಜಿನಿಯರ್. “ದೊಡ್ಡ ಕ್ಲಬ್ಬು ಒಬ್ಬ ಸ್ಟಾರನ್ನ ಮಾರಿದ್ರೆ ಆ ದುಡ್ಡಲ್ಲಿ ಇನ್ನಿಬ್ಬರನ್ನ ತರುತ್ತೆ ಸಾರ್,” ಎಂದಿದ್ದರು ಆಗ. “ನಾವೇನು ತರೋಣ, ಕಾಸ್ಟ್‌ಕೋದಿಂದ ಕಿತ್ತಳೆ ಹಣ್ಣಾ?”

ಆ ಚಳಿಗಾಲದಲ್ಲಿ ನಿಯಮ ಬಂತು. ಸೋಮನಾಥ ಗ್ಲೆಂಡೇಲ್‌ನ ಕಂಪನಿಯೊಂದರಲ್ಲಿ ಟ್ರಾಫಿಕ್ ಸಿಗ್ನಲ್ ಎಂಜಿನಿಯರ್. ಕರಡು ಬರೆಯುವ ಕೆಲಸ ಸಹಜವಾಗಿ ಅವನಿಗೆ ಬಂತು. ಮತವನ್ನು ಚೀಟಿಯಲ್ಲಿ ಹಾಕಬೇಕು, ಹೆಸರು ಬರೆಯಬಾರದು ಎಂಬ ಕಲಮು ಅವನದೇ ಯೋಚನೆ. ಗದಗಿನಲ್ಲಿ ಬೆಳೆದ ಅವನಿಗೆ ಎದುರು ನಿಂತವರಿಗೆ ‘ಇಲ್ಲ’ ಎನ್ನಲು ಇಂದಿಗೂ ಬರುವುದಿಲ್ಲ. ದಾಕ್ಷಿಣ್ಯ ಅಡ್ಡ ಬರುತ್ತದೆ. ಉಳಿದವರಿಗೂ ಅದೇ ಕಷ್ಟವಿರುತ್ತದೆ ಎಂದು ಅವನು ಊಹಿಸಿದ್ದ. “ಸಿಗ್ನಲ್ ಇಲ್ಲದ ಕ್ರಾಸಿನಾಗ ನಾಲ್ಕೂ ಕಡೆಯವರು ‘ನೀವು ಮೊದಲ, ನೀವು ಮೊದಲ’ ಅನಕೋತ ನಿಂತಂಗ ಆಗಬಾರದ್ರಿ,” ಎಂದು ಶಿವರಾಮರಿಗೆ ವಿವರಿಸಿದ್ದ. ಎಲ್ಲ ಕುಟುಂಬಗಳೂ ಸಹಿ ಹಾಕಿದವು. ಮೊದಲ ಸಹಿ ಅವನದು.

ನಿಯಮ ಮೊದಲು ಬಳಕೆಗೆ ಬಂದದ್ದು ಕಳೆದ ವರ್ಷದ ಅಕ್ಟೋಬರಿನಲ್ಲಿ, ಮಿಡ್‌ಫೀಲ್ಡರ್ ಕಮಿಲಾ ಒರ್ಟೆಗಾಳ ಮೇಲೆ. ಅವಳ ತಂದೆ ಹೆಕ್ಟರ್ ಲಾಂಗ್ ಬೀಚ್ ಬಂದರಿನಿಂದ ಕಂಟೇನರ್ ಸಾಗಿಸುವ ಲಾರಿ ಓಡಿಸುತ್ತಾನೆ. ಕಮಿಲಾಳನ್ನು ಒಂದು ಕ್ಲಬ್ ಪೂರ್ತಿ ಖರ್ಚು ವಹಿಸಿ ಕರೆದಿತ್ತು. ಹೆಕ್ಟರ್ ಮನೆ ಮನೆಗೆ ಹೋಗಿ ಕೇಳಿಕೊಂಡ. ಸೋಮನಾಥನ ಮನೆಗೂ ಬಂದ, ಚಹಾ ಕುಡಿದ. “ನನ್ನದು ಯೆಸ್,” ಎಂದು ಸೋಮನಾಥ ಅವನಿಗೆ ಹೇಳಿದ್ದ. ಚೀಟಿಯ ಮೇಲೆ ‘ನೋ’ ಎಂದು ಬರೆದಿದ್ದ. ಶ್ರೇಯಾಳ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಮಿಲಾ ಕೊಟ್ಟ ಪಾಸ್‌ಗಳಿಂದ ಬಂದವು ಎಂಬ ಲೆಕ್ಕ ಅವನಿಗೆ ಗೊತ್ತಿತ್ತು. ಅಂದು ಯೆಸ್ ಐದು, ನೋ ಎಂಟು. ಫಲಿತಾಂಶದ ಇಮೇಲ್ ಬರೆದವನೂ ಅವನೇ: ನಮಗೂ ಬೇಸರವಾಗಿದೆ, ಆದರೆ ನಿಯಮ ಎಲ್ಲರಿಗೂ ಒಂದೇ. ಆ ಕ್ಲಬ್ಬು ಮರುವಾರ ಬೇರೆ ಹುಡುಗಿಯನ್ನು ತೆಗೆದುಕೊಂಡಿತು.

ಅದಾದ ಮೇಲಿನ ಪ್ರಾಕ್ಟೀಸಿಗೆ ಕಮಿಲಾ ಒಂದು ಕಾರ್ಡು ತಂದು ಸೋಮನಾಥನಿಗೆ ಕೊಟ್ಟಿದ್ದಳು. ಹೊರಗೆ ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ ಚೆಂಡು, ಒಳಗೆ ‘ನನಗೆ ಮತ ಹಾಕಿದ್ದಕ್ಕೆ ಥ್ಯಾಂಕ್ಸ್, ಮಿಸ್ಟರ್ ಸೋಮ್’. ಆಟಗಾರ್ತಿಯರ ಗುರುತಿನ ಕಾರ್ಡುಗಳಿರುವ ಫೈಲಿನ ಕೊನೆಯ ಪಾಕೀಟಿನಲ್ಲಿ ಅದು ಇನ್ನೂ ಇದೆ.

ಈ ಸಲ ಮನೆ ಮನೆಗೆ ಹೋದವನು ಸೋಮನಾಥ. ಒಂದು ವಾರದಲ್ಲಿ ಹದಿಮೂರೂ ಮನೆ ಮುಗಿಸಿದ. ಒಬ್ಬ ತಂದೆ ಪೇರ್ ಹಣ್ಣು ಕತ್ತರಿಸಿ ಕೊಟ್ಟು, ಶ್ರೇಯಾ ನಮ್ಮೆಲ್ಲರ ಹೆಮ್ಮೆ ಎಂದ. ಇನ್ನೊಬ್ಬ ತಾಯಿ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಂಡರು. ಉಷಾ ಊಟಕ್ಕೇ ಕೂರಿಸಿದರು.

“ಅದೇನ್ ಕೇಳ್ತೀರಾ ಸೋಮನಾಥ್, ಶ್ರೇಯಾ ಬೇರೆ ನಮ್ಮ ರಚನಾ ಬೇರೇನಾ? ಖಂಡಿತ ಯೆಸ್.”

“ರಚನಾನ ನೋಡಾಕ ಕಾಲೇಜಿನವರು ಬರೂದು ಕಡಿಮಿ ಆಗಬಹುದ್ರಿ,” ಎಂದ ಸೋಮನಾಥ. ಹೇಳದೆ ಇದ್ದರೆ ಮೋಸವಾಗುತ್ತದೆ ಎನಿಸಿತ್ತು.

“ಅಯ್ಯೋ ಬಿಡಿ, ಅವಳ ಹಣೆಬರಹ ಅವಳಿಗೆ. ಇನ್ನೊಂದು ಚಪಾತಿ?”

ಹದಿಮೂರಕ್ಕೆ ಹದಿಮೂರು. ಸೌಜನ್ಯಾ ಸ್ಯಾನ್ ಡಿಯೆಗೋದಲ್ಲಿ ಎರಡು ಕೋಣೆಯ ಮನೆಗೆ ಮುಂಗಡ ಕೊಟ್ಟಳು. ಶ್ರೇಯಾ ಕೊಠಡಿಯ ಗೋಡೆಯಿಂದ ಪೋಸ್ಟರುಗಳನ್ನು ತೆಗೆದು ಸುರುಳಿ ಸುತ್ತಿಟ್ಟಳು.

ಗುರುವಾರ ಎಣಿಕೆಯ ನಂತರ ಎಲ್ಲರೂ ಬೇಗ ಹೋದರು. ಪಾರ್ಕಿಂಗಿನಲ್ಲಿ ಉಳಿದದ್ದು ಎರಡು ವಾಹನ. ಹೆಕ್ಟರ್ ತನ್ನ ಪಿಕಪ್ಪಿಗೆ ಒರಗಿ ನಿಂತಿದ್ದ. ಮಾತು ನಡೆದದ್ದು ಇಂಗ್ಲಿಷಿನಲ್ಲಿ.

“ಎಷ್ಟು ಜನ ನಿನಗೆ ಯೆಸ್ ಅಂದಿದ್ದರು?” ಎಂದು ಹೆಕ್ಟರ್ ಕೇಳಿದ.

“ಹದಿಮೂರು.”

“ನನಗೆ ಹನ್ನೊಂದು.” ಹೆಕ್ಟರ್ ನಕ್ಕ, ಕೊಂಕಿನ ನಗೆಯಲ್ಲ. “ಇಬ್ಬರು ಎದುರಿಗೇ ಆಗಲ್ಲ ಅಂದರು. ಅವರ ಮೇಲೆ ನನಗೆ ಸಿಟ್ಟೇ ಇಲ್ಲ. ನಾನು ಇವತ್ತು ಯೆಸ್ ಹಾಕಿದೆ. ಬೇಕಾದರೆ ನಂಬು.”

“ನಂಬುತ್ತೇನೆ.”

“ಅವತ್ತು ಕಮಿಲಾಗೆ ಐದು ಬಿದ್ದವು. ಒಂದು ನಿನ್ನದು ಅಂತ ಅವಳು ಅಂದುಕೊಂಡಿದ್ದಾಳೆ.”

ಸೋಮನಾಥ ಕಾರಿನ ಕೀಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಹೆಕ್ಟರ್ ಒಂದು ನಿಮಿಷ ಕಾದು, ಗುಡ್ ನೈಟ್ ಹೇಳಿ ಪಿಕಪ್ ಹತ್ತಿದ.

ಮನೆಯಲ್ಲಿ ಶ್ರೇಯಾ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು, ಕಾಲಿಗೆ ಇನ್ನೂ ಶಿನ್‌ಗಾರ್ಡ್ ಇತ್ತು. ಅವಳ ಕೈಯ ಫೋನಿನಲ್ಲಿ ಸೌಜನ್ಯಾಳ ಮುಖ.

“ಏಳಾ? ಹದಿಮೂರು ಮಂದಿ ಹೂಂ ಅಂದಿದ್ರಲ್ರೀ!”

“ಬಾಯಿಲೆ ಅಂದಿದ್ರು.”

“ಉಷಾ ಏನ್ ಹಾಕ್ಯಾಳ?”

“ಗೊತ್ತಿಲ್ಲ. ಚೀಟಿ ಮ್ಯಾಲ ಹೆಸರು ಇರೂದಿಲ್ಲ.”

“ಚೀಟಿ ಮ್ಯಾಲ ಹೆಸರು ಬ್ಯಾಡ ಅಂದ ಜಾಣ ಯಾರು?”

ಅವನು ಕಾರಿನ ಕೀಯನ್ನು ಮೊಳೆಗೆ ತಗಲಿಸಿದ.

“ಹೋಗ್ಲಿ,” ಎಂದಳು ಸೌಜನ್ಯಾ. “ಬಟನ್ ಯಾರ ಕೈಯಾಗ ಐತಿ?”

“ನನ್ನ ಕೈಯಾಗ.”

“ಲೀಗಿನವರು ಚೀಟಿ ತೋರ್ಸು ಅಂತಾರೇನು?”

“ಇಲ್ಲ.”

“ಪೊಲೀಸರು ಬರ್ತಾರೇನು?”

“ಇಲ್ಲ, ಸೌಜನ್ಯಾ.”

“ಮತ್ಯಾಕ ತಡಾ? ಒತ್ರಿ.”

“ಹೋದ ವರ್ಷ ಹೆಕ್ಟರಗ ನಾನ ಇಮೇಲ್ ಬರದೀನಿ. ರೂಲು ಎಲ್ಲಾರಿಗೂ ಒಂದ ಅಂತ.”

“ನೀವು ಬರದ ಇಮೇಲು ಮಗಳಿಗಿಂತ ದೊಡ್ಡದಾತಲ್ಲ! ಫ್ರೇಮ್ ಹಾಕಿಸಿ ಇಡ್ರಿ ಅದನ್ನ.”

ಮನೆಯಲ್ಲಿ ಆಡುವ ಕನ್ನಡ ಶ್ರೇಯಾಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಕೊಡುವುದು ಇಂಗ್ಲಿಷಿನಲ್ಲಿ.

“ವಾಟ್ ಡಿಡ್ ಯು ಪುಟ್ ಫಾರ್ ಕಮಿಲಾ, ಅಪ್ಪಾ?”

“ಯೆಸ್,” ಎಂದ ಸೋಮನಾಥ.

ಅವಳು ತಲೆಯಾಡಿಸಿದಳು. “ಸೋ ದೇ ಲೈಡ್ ಟು ಹರ್ ಟೂ,” ಎಂದು ಹೇಳಿ ಶಿನ್‌ಗಾರ್ಡಿನ ಪಟ್ಟಿ ಬಿಚ್ಚಿದಳು.

ಶುಕ್ರವಾರ ಗ್ಲೆಂಡೇಲ್ ಕಚೇರಿಯಲ್ಲಿ ಸೋಮನಾಥ ಎರಡು ಮೀಟಿಂಗ್ ಮುಗಿಸಿ, ಮಧ್ಯಾಹ್ನದ ಡಬ್ಬಿಯನ್ನು ಅರ್ಧ ತಿಂದು ಮುಚ್ಚಿದ. ಮೂರೂವರೆಗೆ ಶಿವರಾಮ ಫೋನ್ ಮಾಡಿದರು.

“ಸಾರ್, ನಾನು ಕೋಚ್ ಆಗಿ ಹೇಳ್ತಿಲ್ಲ. ಅವಳು ಹೋದ್ರೆ ಡಿಸೆಂಬರಿಗೆ ನಾವು ಮತ್ತೆ ಕೆಳಗೇ. ಗೊತ್ತು ನನಗೆ. ಆದ್ರೂ ಮನಸ್ಸಿಲ್ಲದ ಸ್ಟ್ರೈಕರನ್ನ ಕಟ್ಟಿ ಹಾಕ್ಕೊಂಡು ಯಾರೂ ಗೆದ್ದಿಲ್ಲ. ಅದನ್ನೂ ನೋಡಿದೀನಿ.”

“ನೀವು ಏನ್ ಮಾಡ್ತಿದ್ರಿ ನನ್ನ ಜಾಗದಾಗ?”

“ನಿಮ್ಮ ಜಾಗದಲ್ಲಿ ನಾನಿಲ್ಲ ಸಾರ್. ಅದೊಂದೇ ನನ್ನ ಪುಣ್ಯ.”

4.31ಕ್ಕೆ ಅವನು ಲೀಗಿನ ವೆಬ್‌ಸೈಟಿಗೆ ಲಾಗಿನ್ ಆದ. ಶ್ರೇಯಾಳ ಹೆಸರು, ಹುಟ್ಟಿದ ದಿನ, ಎರಡು ವರ್ಷ ಹಿಂದಿನ ಫೋಟೊ. ಕೆಳಗೆ ಹಸಿರು ಬಟನ್. ಒತ್ತಿದರೆ ಎರಡೇ ಸೆಕೆಂಡಿನ ಕೆಲಸ. ಭಾನುವಾರ ಪಂದ್ಯಕ್ಕೆ ಬಂದಾಗ ಹದಿಮೂರು ಕುಟುಂಬಗಳಿಗೆ ಗೊತ್ತಾಗುತ್ತದೆ; ಯಾರೂ ಎದುರಿಗೆ ಏನೂ ಅನ್ನುವುದಿಲ್ಲ. ಆರು ಜನಕ್ಕೆ ಅನ್ನುವ ಮುಖವೂ ಇಲ್ಲ. ಅನ್ನಬಹುದಾದವನು ಹೆಕ್ಟರ್ ಒಬ್ಬನೇ.

4.40ಕ್ಕೆ ಶ್ರೇಯಾಳ ಮೆಸೇಜ್ ಬಂತು. ‘ಅಪ್ಪಾ?’ ಎಂದಷ್ಟೇ ಇತ್ತು.

4.44ಕ್ಕೆ ಅವನು ಹೆಕ್ಟರನಿಗೆ ಫೋನ್ ಮಾಡಿದ. ಹೆಕ್ಟರ್ ಶುಕ್ರವಾರ ಮೂರು ಗಂಟೆಗೇ ಲಾರಿ ಬಿಟ್ಟು ಮನೆಗೆ ಬಂದಿರುತ್ತಾನೆ.

“ನಾನು ನೋ ಹಾಕಿದ್ದೆ,” ಎಂದ ಸೋಮನಾಥ, ನಮಸ್ಕಾರವನ್ನೂ ಹೇಳದೆ. “ಕಮಿಲಾಗೆ. ನಿನಗೆ ಯೆಸ್ ಅಂದಿದ್ದೆ, ಚೀಟಿಯಲ್ಲಿ ನೋ ಬರೆದೆ.”

ಆ ಕಡೆ ಟಿವಿಯ ಸದ್ದು ನಿಂತಿತು.

“ನನಗೆ ಗೊತ್ತಿತ್ತು,” ಎಂದ ಹೆಕ್ಟರ್. “ಅವತ್ತೇ ಅಲ್ಲ. ನಿನ್ನ ಇಮೇಲ್ ಓದಿದಾಗ. ತುಂಬ ಚೆನ್ನಾಗಿ ಬರೆದಿದ್ದೆ.”

“ನನ್ನನ್ನು ಕ್ಷಮಿಸು.”

“ಈಗ ಯಾಕೆ ಹೇಳುತ್ತಿದ್ದೀಯ? ಗಂಟೆ ನಾಲ್ಕೂ ಮುಕ್ಕಾಲು.” ಹೆಕ್ಟರ್ ಉತ್ತರಕ್ಕೆ ಕಾಯಲಿಲ್ಲ. “ಬಟನ್ ಒತ್ತಬೇಕು, ಅಲ್ಲವಾ? ಒತ್ತು. ನಾನು ಯಾರಿಗೂ ದೂರು ಕೊಡುವುದಿಲ್ಲ. ಆದರೆ ನನಗೆ ಹೇಳಿದ್ದು ಸಾಲದು. ಅವಳಿಗೆ ಹೇಳು. ಹೇಳಿ, ಆಮೇಲೆ ಒತ್ತು.”

“ಹೆಕ್ಟರ್, ಅವಳು ಚಿಕ್ಕವಳು…”

“ಶ್ರೇಯಾಳ ವಯಸ್ಸೇ. ಇಲ್ಲೇ ಇದ್ದಾಳೆ, ಕೊಡುತ್ತೇನೆ.”

ಫೋನ್ ಕೈ ಬದಲಾದ ಸದ್ದು ಕೇಳಿಸಿತು. ಗಡಿಯಾರದಲ್ಲಿ 4.49.

“ಹಾಯ್ ಮಿಸ್ಟರ್ ಸೋಮ್! ಶ್ರೇಯಾ ಹೋಗ್ತಾಳಾ?”

“ಕಮಿಲಾ…” ಎಂದ ಸೋಮನಾಥ.

“ಅವಳು ಹೋಗಲೇಬೇಕು. ಡ್ಯಾಡಿಗೆ ನಾನೇ ಹೇಳಿದ್ದು, ಮಿಸ್ಟರ್ ಸೋಮ್ ನನಗೆ ಯೆಸ್ ಹಾಕಿದ್ದರು, ನೀನೂ ಹಾಕಬೇಕು ಅಂತ. ಮೊದಲು ಡ್ಯಾಡಿಗೆ ಇಷ್ಟವಿರಲಿಲ್ಲ.” ಹುಡುಗಿ ನಕ್ಕಳು. “ಆರು ಜನ ಹಾಗೆ ಮಾಡಿದ್ದು ತುಂಬ ಕೆಟ್ಟದ್ದು ಅನಿಸಿತು ನನಗೆ. ನೀವು ಬೇಜಾರಾಗಿದ್ದೀರಾ?”

ಸೋಮನಾಥ ಹೇಳಬೇಕಾಗಿದ್ದದ್ದು ಒಂದು ವಾಕ್ಯ. ಐದು ನಿಮಿಷದ ಹಿಂದೆ ಅವಳ ತಂದೆಗೆ ಅದನ್ನು ಹೇಳಿಯಾಗಿತ್ತು. ಪದಗಳು ಸಿದ್ಧವಾಗಿಯೇ ಇದ್ದವು. ಮಾನಿಟರಿನ ಮೂಲೆಯಲ್ಲಿ ನಿಮಿಷ ಬದಲಾಯಿತು.

“ಭಾನುವಾರದ ಪಂದ್ಯ ಹತ್ತೂವರೆಗೆ,” ಎಂದ. “ಬಿಳಿ ಜರ್ಸಿ.”

“ಗೊತ್ತು, ಇಮೇಲ್ ಬಂತು.”

“ಒಂಬತ್ತೂ ಮುಕ್ಕಾಲಿಗೆ ಬಂದುಬಿಡು. ವಾರ್ಮಪ್ ಇದೆ.”

“ಓಕೆ. ಬೇರೆ ಏನಾದರೂ?”

“ಇಲ್ಲ. ಅಷ್ಟೇ.”

ಅವಳು ಫೋನನ್ನು ತಂದೆಗೆ ಮರಳಿ ಕೊಟ್ಟಳೋ, ಹಾಗೇ ಇಟ್ಟಳೋ ತಿಳಿಯಲಿಲ್ಲ. ಕರೆ ಮುಗಿದಿತ್ತು. ಸೋಮನಾಥ ಮೌಸಿನ ಮೇಲೆ ಕೈಯಿಟ್ಟು ಕುಳಿತ. 4.53ಕ್ಕೆ ಸೌಜನ್ಯಾ ಫೋನ್ ಮಾಡಿದಳು, ಅವನು ಎತ್ತಲಿಲ್ಲ. 4.56ಕ್ಕೆ ಮತ್ತೆ ಮಾಡಿದಳು. ಪಕ್ಕದ ಮೇಜಿನವನು ಬ್ಯಾಗ್ ಹಾಕಿಕೊಂಡು, ವೀಕೆಂಡಿಗೆ ಏನು ಪ್ಲಾನ್ ಎಂದು ಕೇಳಿದ. ಮಗಳ ಪಂದ್ಯವಿದೆ ಎಂದ ಸೋಮನಾಥ.

ಐದು ಗಂಟೆಗೆ ಹಸಿರು ಬಟನ್ ಬೂದುಬಣ್ಣಕ್ಕೆ ತಿರುಗಿತು. ಅವನು ಪೇಜ್ ಮುಚ್ಚಿದ.

ಗ್ಲೆಂಡೇಲ್‌ನಿಂದ ಸೆರಿಟೋಸ್‌ಗೆ ಆ ಸಂಜೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಮನೆ ತಲುಪಿದಾಗ ಶ್ರೇಯಾ ಊಟದ ಮೇಜಿನ ಬಳಿ ಕುಳಿತು ಹೋಮ್‌ವರ್ಕ್ ಮಾಡುತ್ತಿದ್ದಳು. ಸುರುಳಿ ಸುತ್ತಿದ ಪೋಸ್ಟರುಗಳು ಇನ್ನೂ ಬಾಗಿಲ ಪಕ್ಕದಲ್ಲೇ ನಿಂತಿದ್ದವು. ಅವಳು ತಲೆಯೆತ್ತಲಿಲ್ಲ.

“ಐದಾತು,” ಎಂದಳು. ಕನ್ನಡದಲ್ಲಿ.

“ಹೂಂ.”

“ಅಮ್ಮ ದಾರಿಯಾಗ ಅದಾಳ.”

ಪುಟ ತಿರುಗಿಸಿದಳು.

ಭಾನುವಾರ ಅವಳು ಪೂರ್ತಿ ಎಂಬತ್ತು ನಿಮಿಷ ಆಡಿದಳು. ಓಡಿದಳು, ಚೆಂಡಿಗೆ ಹೋದಳು, ಶಿವರಾಮ ಹೇಳಿದ ಜಾಗದಲ್ಲಿ ನಿಂತಳು. ಗೋಲಿಗೆ ಒಮ್ಮೆಯೂ ಒದೆಯಲಿಲ್ಲ. ಪೆನಾಲ್ಟಿ ಪೆಟ್ಟಿಗೆಯೊಳಗೆ ಅವಳ ಕಾಲಿಗೆ ಬಂದ ನಾಲ್ಕು ಚೆಂಡನ್ನೂ ಹಿಂದಕ್ಕೆ, ಕಮಿಲಾಳಿಗೆ ಪಾಸ್ ಮಾಡಿದಳು. ಮಡಚುವ ಕುರ್ಚಿ ತಂದು ಕುಳಿತಿದ್ದ ಇಬ್ಬರು ಕಾಲೇಜು ಕೋಚ್‌ಗಳು ಮಧ್ಯಂತರದಲ್ಲಿ ಎದ್ದು ಬೇರೆ ಮೈದಾನಕ್ಕೆ ಹೋದರು. ಉಷಾ ಅವರು ಹೋಗುವುದನ್ನೇ ನೋಡುತ್ತಿದ್ದರು. ಕೊಯೋಟಿ ಕ್ರೀಕ್ ಸೊನ್ನೆ, ಎದುರಾಳಿ ಒಂದು.

ಸೋಮವಾರ ಸೋಮನಾಥ ಎಲ್ಲ ಕುಟುಂಬಗಳಿಗೂ ಇಮೇಲ್ ಬರೆದ. ಬಿಡುಗಡೆಗೆ ಮತ ಬೇಕೆಂಬ ನಿಯಮವನ್ನು ತೆಗೆದುಹಾಕಬೇಕು, ಈ ಸಲ ಮತ ಚೀಟಿಯಲ್ಲಿ ಬೇಡ ಎಂದು ಎರಡೇ ಸಾಲು. ಕಮಿಲಾಳಿಗೆ ತಾನು ನೋ ಹಾಕಿದ್ದರ ಮಾತು ಅದರಲ್ಲಿರಲಿಲ್ಲ.

ಅಕ್ಟೋಬರ್ 16, ಗುರುವಾರ, ಪ್ರಾಕ್ಟೀಸ್ ಮುಗಿದ ಮೇಲೆ ಅದೇ ಪಿಕ್ನಿಕ್ ಮೇಜಿನ ಸುತ್ತ ಎಲ್ಲರೂ ಸೇರಿದರು. ಒಪ್ಪುವವರು ಕೈ ಎತ್ತಿ ಎಂದರು ಶಿವರಾಮ. ಮೊದಲು ಎದ್ದದ್ದು ಉಷಾ ಅವರ ಕೈ. ಆಮೇಲೆ ಉಳಿದವು ಎದ್ದವು, ಹೆಕ್ಟರನದೂ. ಎಣಿಸುವ ಅಗತ್ಯವಿರದಿದ್ದರೂ ಶಿವರಾಮ ಎಣಿಸಿದರು: ಸೋಮನಾಥನದೂ ಸೇರಿ ಹದಿನಾಲ್ಕಕ್ಕೆ ಹದಿನಾಲ್ಕು. ಗಡುವು ಮುಗಿದು ಆರು ದಿನವಾಗಿತ್ತು.